ಬಿಟ್ಟವರೇ ಬಂದು ಕರೆದೊಯ್ಯಬೇಕು

ರಾಮನಗರ
2-9-2007

ರಮ್ಯಾ,

ಚಿರಂಜೀವಿ, ಆಶೀರ್ವಾದ ಅಂತೆಲ್ಲ ಬರೆದು ಶುರು ಮಾಡುವ ಮನಸ್ಸಿಲ್ಲ. ನಿನ್ನ ಸ್ಕಾಟ್ಲೆಂಡಿನ ಅಡ್ರೆಸ್ಸನ್ನು ಅವ್ವನ ಕೈಲಿ ಕೇಳಿ ತರಿಸಿಕೊಳ್ಳುವುದರಲ್ಲೇ ಸಾಕುಸಾಕಾಯಿತು. ಇಲ್ಲಿಂದ ಹೊರಗೆ ಹೋಗುವ ಕಾಗದವನ್ನೆಲ್ಲ ವಾರ್ಡನ್ ಜಯಕುಮಾರ್ ಓದುತ್ತಾನೆ. ಅದಕ್ಕೇ ಇದು ಕಳ್ಳದಾರಿಯಲ್ಲಿ ಬರುತ್ತಿದೆ. ಅಡುಗೆಯ ಕರೀಮುನ್ನೀಸಾ ದಿನಾ ಚನ್ನಪಟ್ಟಣದಿಂದ ರೈಲಿನಲ್ಲಿ ಬಂದು ಹೋಗುವವಳು. ಸೆರಗಿನೊಳಗೆ ಇಟ್ಟುಕೊಂಡು ಹೋಗಿ ಅವಳೇ ಪೋಸ್ಟ್ ಮಾಡುತ್ತಾಳೆ.

ಕಾರ್ಖಾನೆಗಳ ರಸ್ತೆಗೆ ಕೈಲಾಂಚದ ನಮ್ಮ ಮನೆ ಹೋಯಿತು, ಹಿಪ್ಪುನೇರಳೆ ತೋಟ ಹೋಯಿತು. ನಿನ್ನಣ್ಣ ಮುನಿಕೃಷ್ಣ ಬಾಡಿಗೆಗೆ ಹಿಡಿದದ್ದು ಎರಡನೇ ಮಹಡಿ. ಪೋಲಿಯೋ ಕಾಲಿನ ನಾನು ಮೆಟ್ಟಿಲು ಹತ್ತಲಾರೆ. ಅದಕ್ಕೆ ಮನೆ ಬದಲಾಯಿಸಬೇಕಿತ್ತು, ನೀವು ನನ್ನನ್ನೇ ಸಾಗಹಾಕಿದಿರಿ. ನಿನ್ನ ಕಾಲೇಜಿನವರು ಬಂದು ಹೋಗುವ ಜಾಗ ಅಂತ ಆಟೋ ಹತ್ತಿಸಿಕೊಂಡು ಬಂದವಳು ನೀನು. "ಟೈಲರಿಂಗ್ ಕಲಿಸ್ತಾರೆ ಅಕ್ಕಾ, ಮೂರೇ ತಿಂಗಳು" ಅಂದೆ. ಈ ಅಂಗವಿಕಲರ ಆಶ್ರಮದಲ್ಲಿ ಹೊಲಿಗೆ ಮೆಷಿನ್ನೇ ಇಲ್ಲ ಕಣೇ. ನನ್ನ ಮೂರು ಚಕ್ರದ ಸೈಕಲ್ಲನ್ನು ಬಂದ ದಿನವೇ ಸ್ಟೋರ್ ರೂಮಿಗೆ ತಳ್ಳಿ ಬೀಗ ಹಾಕಿದರು. ಬಿದ್ದುಗಿದ್ದೀಯ ಅಂತ ಕಾಳಜಿಯಂತೆ.

ಮೊನ್ನೆ ಜಯಕುಮಾರ್ ಮುಂದೆ ಹೋಗಿ ಕೂತು ಕೇಳಿದೆ.

"ಸಾರ್, ನಾನು ಹೊಂಟೋಯ್ತೀನಿ. ಚನ್ನಪಟ್ಟಣದಲ್ಲಿ ಗೊಂಬೆ ಕೆಲ್ಸ ಐತೆ. ಕರೀಮುನ್ನೀಸಾ ಮನೆ ಪಕ್ಕದಲ್ಲಿ ನೆಲಕ್ಕೇ ಇರೋ ರೂಮೈತೆ."

"ರೂಲ್ಸ್ ಗೊತ್ತಲ್ಲಮ್ಮ. ಬಿಟ್ಟೋರೇ ಬಂದು ಕರ್ಕೊಂಡು ಹೋಗ್ಬೇಕು. ನಿನ್ನ ಬಿಟ್ಟೋರು ಫಾರಿನ್ನಲ್ಲವ್ರೆ."

"ನಂಗೆ ಮೂವತ್ನಾಲ್ಕು ವರ್ಸ ಸಾರ್."

"ಅರವತ್ತು ವರ್ಸದೋರೂ ಇಲ್ಲಿ ಅವ್ರೆ. ಬಾಯ್ಮುಚ್ಕೊಂಡವ್ರೆ."

ನಾನು ಮುಚ್ಚಿಕೊಳ್ಳುವುದಿಲ್ಲ. ನೀನು ಎರಡು ಸಾಲು ಬರೆದು ಕಳಿಸು, "ನನ್ನ ಅಕ್ಕನನ್ನು ಅವಳ ಇಷ್ಟದಂತೆ ಹೋಗಲು ಬಿಡಿ" ಅಂತ. ಬಿಟ್ಟವಳು ನೀನು. ನಿನ್ನ ಮಾತು ನಡೆಯುತ್ತದೆ.

ಮುನಿರತ್ನಮ್ಮ

*

ಅಬರ್ಡೀನ್
23-9-2007

ಪ್ರೀತಿಯ ಅಕ್ಕಾ,

ನಿನ್ನ ಕಾಗದ ನೋಡಿ ಅತ್ತುಬಿಟ್ಟೆ. ಇಲ್ಲಿ ಚಳಿ ಶುರುವಾಗಿದೆ, ಮೋಡ ಮುಚ್ಚಿ ಮಧ್ಯಾಹ್ನವೇ ಸಂಜೆಯಂತೆ ಇರುತ್ತದೆ. ರಾಗಿಮುದ್ದೆಯ ಕನಸು ಬೀಳುತ್ತದೆ.

ನಮ್ಮ ಕೋರ್ಸು ಗೊತ್ತಲ್ಲ, ಸೇವೆ ಮಾಡುತ್ತಾ ಕಲಿಯುವುದು. ನಾನಿರುವ ಮನೆಯಲ್ಲಿ ಹನ್ನೆರಡು ಜನ ಅಂಗವಿಕಲರಿದ್ದಾರೆ, ಎಲ್ಲರೂ ದೊಡ್ಡವರು. ಒಬ್ಬೊಬ್ಬರಿಗೂ ಅವರವರ ಕೋಣೆಯ ಬೀಗದಕೈ ಅವರವರ ಹತ್ತಿರವೇ! ಮೊದಲ ವಾರ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಐಲೀನ್ ಅಂತ ಒಬ್ಬರಿದ್ದಾರೆ, ಐವತ್ತೈದು ವರ್ಷ, ಕೈ ನಡುಗುತ್ತದೆ, ಮಾತು ಬರುವುದಿಲ್ಲ. ಆಲೂಗಡ್ಡೆ ಚೆಲ್ಲಿಕೊಳ್ಳುತ್ತಿದ್ದರು. ಅಯ್ಯೋ ಪಾಪ ಅನ್ನಿಸಿ ನಾನೇ ಕೈಯಲ್ಲಿ ಕಲಸಿ, ಅವ್ವ ಮಾಡುವ ಹಾಗೆ, "ಆ ಅನ್ನಿ" ಅಂತ ತುತ್ತು ಹಿಡಿದೆ. ಅವರು ಬಾಯಿ ಬಿಗಿದು, ಗಾಲಿಕುರ್ಚಿ ತಿರುಗಿಸಿಕೊಂಡು ಹೊರಟೇ ಹೋದರು. ಮಾರನೇ ದಿನ ಮೀಟಿಂಗ್ ಕರೆದರು. ಐಲೀನ್ ಅಕ್ಷರದ ಹಲಗೆಯ ಮೇಲೆ ಒಂದೊಂದೇ ಅಕ್ಷರ ಮುಟ್ಟಿ ಹೇಳಿದ್ದು: "ನನ್ನ ಬಾಯಿ ನನ್ನದು. ಮೊದಲು ಕೇಳು." ನಾನು ಎಲ್ಲರೆದುರು ಕ್ಷಮೆ ಕೇಳಿದೆ. ಎಂಥ ಪಾಠ ಅಲ್ವಾ ಅಕ್ಕಾ? ಯಾರನ್ನೇ ಆಗಲಿ ಮುಟ್ಟುವ ಮುಂಚೆ ಕೇಳಬೇಕು. ನನ್ನ ವರದಿಯಲ್ಲಿ ಇದನ್ನೇ ಬರೆಯುತ್ತಿದ್ದೇನೆ.

ನೀನು ಕೇಳಿದ ವಿಷಯ. ಜೂನ್‌ಗೆ ನಾನು ಬಂದುಬಿಡುತ್ತೇನೆ, ಆಗ ಕೂತು ಮಾತಾಡೋಣ. ನನ್ನನ್ನು ಇಲ್ಲಿಗೆ ಕಳಿಸಿರುವುದೂ ಅದೇ ಆಶ್ರಮದ ಟ್ರಸ್ಟು. ಈಗಲೇ ನಾನು ಹಾಗೆ ಬರೆದರೆ ಸೆಕ್ರೆಟರಿ ಭಾನುಪ್ರಿಯ ಮೇಡಂ ಏನಂದುಕೊಂಡಾರು? ಒಸಿ ತಾಳಿಕೋ.

ನಿನ್ನ ರಮ್ಯಾ

*

ರಾಮನಗರ
14-10-2007

ರಮ್ಯಾ,

ಸಮುದ್ರ ದಾಟಿ ಹೋಗಿ ಕಲಿತೆಯಾ ಇದನ್ನು? ಮುಟ್ಟುವ ಮುಂಚೆ ಕೇಳಬೇಕು ಅಂತ? ಬಿಳಿ ಹೆಂಗಸು ಮುಖ ತಿರುಗಿಸಿದ್ದಕ್ಕೆ ಮೀಟಿಂಗು, ಎಲ್ಲರೆದುರು ಕ್ಷಮೆ, ವರದಿ. ನಾನು ಆಟೋದಲ್ಲಿ ನಿನ್ನ ಕೈ ಹಿಡಿದು "ಬ್ಯಾಡ ಕಣೇ" ಅಂತ ಬಾಯಿಬಿಟ್ಟೇ ಹೇಳಿದ್ದೆ. ನಡುಗುವ ಕೈಯಲ್ಲಿ ಅಕ್ಷರ ಮುಟ್ಟಿ ಹೇಳಿದ್ದು ನಿನಗೆ ಕೇಳಿಸಿತು. ಇದು ಕೇಳಿಸಲಿಲ್ಲ.

ನಮ್ಮ ಊಟದ ವಿಷಯ ಹೇಳುತ್ತೇನೆ, ಅದನ್ನೂ ವರದಿಯಲ್ಲಿ ಬರೆದುಕೋ. ಇಲ್ಲಿ ಭಾನುವಾರದ ಊಟ ಅಂದರೆ ದಾನಿಗಳ ಊಟ. ಯಾರದೋ ಮಗುವಿನ ಬರ್ತ್‌ಡೇ, ಯಾರದೋ ತಾತನ ತಿಥಿ. ಅವರ ಕಾರು ಬರುವವರೆಗೂ ತಟ್ಟೆ ಮುಂದಿಟ್ಟುಕೊಂಡು ಕೂರಬೇಕು. ಹೋದ ವಾರ ಬಿಡದಿ ಹತ್ತಿರ ಟ್ರಾಫಿಕ್ ಜಾಮ್ ಅಂತೆ, ಅನ್ನ ಆರಿ ತಣ್ಣಗಾಯಿತು. ಬಂದಮೇಲೆ ನಾವೆಲ್ಲ ಚಪ್ಪಾಳೆ ತಟ್ಟಿ ಹ್ಯಾಪಿ ಬರ್ತ್‌ಡೇ ಹಾಡಿ, ಆಮೇಲೆ ಫೋಟೋ, ಆಮೇಲೆ ಊಟ. ತಲೆ ನರೆತ ಗಂಡಸರು ಎರಡು ವರ್ಷದ ಮಗುವಿಗೆ "ನೂರ್ಕಾಲ ಬಾಳಪ್ಪ" ಅಂತ ಕೈ ಎತ್ತಬೇಕು.

ನಟರಾಜು ಅಂತ ಒಬ್ಬ ಇದ್ದಾನೆ, ಸೋಲೂರಿನವನು. ಬಿಡದಿ ಕಡೆಯ ಯಾವುದೋ ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿಗೆ ಎರಡೂ ಮುಂಗೈ ಕೊಟ್ಟು ಬಂದವನು. ನಾನು ಹಳೇ ಸೀರೆಯ ಅಂಚು ಹರಿದು ಅವನ ಮೋಟುತೋಳಿಗೆ ಚಮಚ ಬಿಗಿದು ಕಟ್ಟಿಕೊಟ್ಟೆ. ನಾಕು ದಿನ ಚೆಲ್ಲಿದ, ಐದನೇ ದಿನ ತಟ್ಟೆ ಖಾಲಿ ಮಾಡಿದ. "ಅಕ್ಕೋ, ಉಪ್ಪು ಕಮ್ಮಿಯಾಗೈತೆ ಅಂತ ಇವತ್ತು ಗೊತ್ತಾಯ್ತು ನೋಡು" ಅಂದ. ಕರೀಮುನ್ನೀಸಾ ಬೈಯ್ಯುತ್ತಲೇ ನಕ್ಕಳು. ಭಾನುವಾರ ಜಯಕುಮಾರ್ ಬಂದು ಚಮಚ ಬಿಚ್ಚಿಸಿದ. "ದಾನಿಗಳು ಕೈಯಾರೆ ತುತ್ತಿಡ್ಬೇಕು ಅಂತ ಬಂದವ್ರೆ. ನೀನೇ ತಿಂದ್ಬುಟ್ರೆ ಅವ್ರೇನು ಮಾಡ್ಬೇಕು?"

ನಟರಾಜುವನ್ನು ತಂದು ಬಿಟ್ಟವನು ಅವನಣ್ಣ. ಆ ಅಣ್ಣ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತುಹೋದ. ಈಗ ಇವನನ್ನು ಕರೆದೊಯ್ಯಲು ಯಾರು ಬರಬೇಕು, ಹೇಳು. ನಿನಗಾದರೂ ಜೀವವಿದೆ, ಎರಡು ಸಾಲು ಬರೆ. ತಾಳಿಕೋ ಅನ್ನಬೇಡ.

ಮುನಿರತ್ನಮ್ಮ

*

ಅಬರ್ಡೀನ್
4-11-2007

ಅಕ್ಕಾ,

ನೀನು ಹೊಡೆದರೂ ಹೀಗೆ ನೋಯುತ್ತಿರಲಿಲ್ಲ. ನನಗೂ ಹೇಳುವುದಿದೆ. ನಿನ್ನನ್ನು ಎತ್ತಿ ಇಳಿಸಿ ಅವ್ವನ ಸೊಂಟ ಬಿದ್ದುಹೋಗಿದ್ದು ನಿನಗೆ ಕಾಣುವುದಿಲ್ಲ. ಹೈಸ್ಕೂಲಿನ ಮೂರು ವರ್ಷ ನಾನು ಮೊದಲ ಬೆಲ್ಲಿಗೆ ಒಂದು ದಿನವೂ ಮುಟ್ಟಲಿಲ್ಲ, ನಿನ್ನ ಸ್ನಾನದ ನೀರು ಹೊತ್ತು. ಒಂದು ಸಲವಾದರೂ ಗೊಣಗಿದ್ದೀನಾ? ಎಲ್ಲರ ಕೈಸೋತ ಮೇಲೆ ನಿನಗೊಂದು ಜಾಗ ಹುಡುಕಿದ್ದು ನಾನು. ಅದೇ ನನ್ನ ಅಪರಾಧವಾ?

ಆದರೂ ನಿನ್ನ ಕಷ್ಟ ಕೇಳಿ ಸುಮ್ಮನೆ ಕೂರಲಿಲ್ಲ. ನಿನ್ನ ಎರಡೂ ಕಾಗದಗಳನ್ನು ಹಾಗೇ ಸ್ಕ್ಯಾನ್ ಮಾಡಿ ಭಾನುಪ್ರಿಯ ಮೇಡಂಗೆ ಮೇಲ್ ಕಳಿಸಿದ್ದೇನೆ. ಮೇಡಂ ಒಳ್ಳೆಯವರು, ಕೆಳಗೆ ನಡೆಯುವುದು ಅವರಿಗೆ ಗೊತ್ತಿರುವುದಿಲ್ಲ. ಊಟದ ವಿಷಯ, ಚಮಚದ ವಿಷಯ, ಎಲ್ಲ ಸರಿಪಡಿಸುತ್ತೇವೆ ಅಂತ ಅವತ್ತೇ ಉತ್ತರ ಬಂತು. ನೋಡಿದೆಯಾ, ಜಗಳವಿಲ್ಲದೆ ಕೆಲಸ ಹೇಗಾಗುತ್ತದೆ ಅಂತ.

ರಮ್ಯಾ

*

ರಾಮನಗರ
30-11-2007

ಪ್ರೀತಿಯ ಸಹೋದರಿ ರಮ್ಯಾಳಿಗೆ,

ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿನ್ನ ಕ್ಷೇಮಕ್ಕೆ ಪತ್ರ ಬರೆಯುವುದು. ಆಶ್ರಮದಲ್ಲಿ ನಮಗೆ ಯಾವ ಕೊರತೆಯೂ ಇರುವುದಿಲ್ಲ. ದಾನಿಗಳು ದೇವರಂತೆ ಬಂದು ಊಟ ಬಡಿಸುತ್ತಾರೆ. ಹಿಂದಿನ ಪತ್ರಗಳಲ್ಲಿ ನಾನು ತಿಳಿಯದೆ ತಪ್ಪು ವಿಷಯಗಳನ್ನು ಬರೆದಿದ್ದೆನು. ಅದಕ್ಕಾಗಿ ವಿಷಾದಿಸುತ್ತೇನೆ. ಇಲ್ಲಿಯೇ ಇರಲು ನನಗೆ ಪೂರ್ಣ ಸಂತೋಷವಿದೆ.

ಇಂತಿ ನಿನ್ನ ಪ್ರೀತಿಯ ಸಹೋದರಿ,
ಮುನಿರತ್ನಮ್ಮ

*

ಅಬರ್ಡೀನ್
20-12-2007

ಅಕ್ಕಾ, ನನ್ನ ಮುದ್ದು ಅಕ್ಕಾ,

ನಿನ್ನ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಎಷ್ಟು ಶಾಂತವಾಗಿ ಬರೆದಿದ್ದೀಯ! ಅಕ್ಷರವೂ ದುಂಡಗಾಗಿದೆ. ನನ್ನನ್ನು ಸಹೋದರಿ ಅಂತ ಕರೆದದ್ದು ಇದೇ ಮೊದಲು. ಮೇಡಂ ಬಂದು ಮಾತಾಡಿದರು ಅಂತ ಕಾಣುತ್ತದೆ.

ಒಂದು ಸಿಹಿಸುದ್ದಿ. ಜನವರಿಯಲ್ಲಿ ಇಲ್ಲಿಯ ಕಾಲೇಜಿನ ಹತ್ತು ವಿದ್ಯಾರ್ಥಿಗಳು ನಿಮ್ಮ ಆಶ್ರಮಕ್ಕೇ ಮೂರು ವಾರ ಸೇವೆಗೆ ಬರುತ್ತಿದ್ದಾರೆ. ನಾನು ಅಲ್ಲಿಂದ ಇಲ್ಲಿಗೆ, ಅವರು ಇಲ್ಲಿಂದ ಅಲ್ಲಿಗೆ. ನನ್ನ ಅಕ್ಕ ಅಲ್ಲೇ ಇದ್ದಾಳೆ ಅಂತ ಹೆಮ್ಮೆಯಿಂದ ಹೇಳಿದ್ದೇನೆ, ನಿನ್ನ ಫೋಟೋವನ್ನೂ ತೋರಿಸಿದ್ದೇನೆ. ಅವರ ಜೊತೆ ನಗುನಗುತ್ತಾ ಇರು. ಅವರು ಹಾಡು ಹೇಳಿಸಿದರೆ ಹೇಳು. ನನ್ನ ಮಾನ ನಿನ್ನ ಕೈಯಲ್ಲಿದೆ.

ಭಾನುಪ್ರಿಯ ಮೇಡಂ ನನ್ನ ಬಗ್ಗೆ ಏನೋ ದೊಡ್ಡ ಯೋಚನೆ ಇಟ್ಟುಕೊಂಡಿದ್ದಾರೆ. ಬಂದಮೇಲೆ ಹೇಳುತ್ತೇನೆ.

ನಿನ್ನ ರಮ್ಯಾ

*

ಅಬರ್ಡೀನ್
16-2-2008

ಅಕ್ಕಾ,

ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಮೇಡಂಗೆ ಮೇಲ್ ಮಾಡಿದರೆ "ನಿಮ್ಮ ಅಕ್ಕನ ವಿಷಯ ನಿಮ್ಮ ಅಣ್ಣನನ್ನೇ ಕೇಳಿ" ಅಂತಾರೆ. ಮುನಿಕೃಷ್ಣಣ್ಣ ಫೋನಿನಲ್ಲಿ "ಅವಳ ಸುದ್ದಿ ಎತ್ಬ್ಯಾಡ" ಅಂತ ಇಟ್ಟುಬಿಟ್ಟ.

ಆದರೆ ವಾಪಸ್ ಬಂದ ವಿದ್ಯಾರ್ಥಿಗಳು ಹೇಳಿದರು. ಬೀಳ್ಕೊಡುಗೆಯ ದಿನ ನೀನು ಗೇಟಿಗೆ ಅಡ್ಡ ಕೂತೆಯಂತೆ, ಅವರ ಬಸ್ಸು ತಡೆದೆಯಂತೆ, ವಿಮಾನ ತಪ್ಪುವುದರಲ್ಲಿತ್ತಂತೆ. ಒಬ್ಬಳು ಹುಡುಗಿ ಅತ್ತಳಂತೆ. ಈಗ ಅವರು ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಮೂರು ವಾರ ನಿಮಗಾಗಿ ಬೆವರು ಸುರಿಸಿ ಗೋಡೆಗೆ ಬಣ್ಣ ಹೊಡೆದವರಿಗೆ ಇದೇನಾ ನೀನು ಕೊಟ್ಟದ್ದು? ಅಷ್ಟು ಒಳ್ಳೆಯ ಕಾಗದ ಬರೆದವಳು ನೀನೇನಾ?

ಎಲ್ಲಿದ್ದೀಯ? ಬದುಕಿದ್ದೀಯ ಅಂತಲಾದರೂ ಬರೆ.

ರಮ್ಯಾ

*

ಚನ್ನಪಟ್ಟಣ
2-3-2008

ರಮ್ಯಾ,

ಬದುಕಿದ್ದೇನೆ. ನಿನ್ನ ಫೆಬ್ರವರಿಯ ಕಾಗದವನ್ನು ಆಶ್ರಮದ ವಾಚ್‌ಮನ್ ಗಂಗಯ್ಯ ತಂದುಕೊಟ್ಟ.

ಆ "ಒಳ್ಳೆಯ ಕಾಗದ" ನಾನು ಬರೆದದ್ದಲ್ಲ. ಜಯಕುಮಾರ್ ಎದುರಿಗೆ ಕೂತು ಹೇಳಿ ಬರೆಸಿದ್ದು. ಎರಡು ಸಲ ಹರಿದು ಮೂರನೇ ಸಲಕ್ಕೆ ಅಕ್ಷರ ದುಂಡಗಾಯಿತು. ಹುಟ್ಟಿದಾಗಿನಿಂದ ನಿನ್ನನ್ನು ಏ ಹುಡುಗಿ, ಏ ಕೋತಿ ಅಂದವಳು ಒಂದೇ ಸಲಕ್ಕೆ ಸಹೋದರಿ ಅಂದರೆ ನಿನಗೆ ಅನುಮಾನ ಬರಲಿಲ್ಲವಾ? ದಿಂಬಿನ ಕೆಳಗೆ ಇಟ್ಟುಕೊಂಡಳಂತೆ! ನಿನಗೆ ಬೇಕಾಗಿದ್ದದ್ದೂ ಅದೇ ಕಾಗದ.

ನೀನು ಕಳಿಸಿದ ಮೇಲ್‌ನಲ್ಲಿ ಕರೀಮುನ್ನೀಸಾ ಹೆಸರಿತ್ತು, ಸೆರಗಿನ ವಿಷಯವಿತ್ತು. ಮಾರನೇ ಬೆಳಿಗ್ಗೆ ಅವಳನ್ನು ಗೇಟಿನಲ್ಲೇ ನಿಲ್ಲಿಸಿ ಕೆಲಸದಿಂದ ತೆಗೆದರು. ನಟರಾಜುವಿನ ಚಮಚ ಕಸದ ಡಬ್ಬಕ್ಕೆ ಹೋಯಿತು. ನನ್ನನ್ನು ಒಳಗಿನ ಕೋಣೆಗೆ ಹಾಕಿದರು. ಜಗಳವಿಲ್ಲದೆ ಆದ ಕೆಲಸ ಇದು.

ನಿನ್ನ ಹತ್ತು ಜನ ಬಂದರು. ಕೆಟ್ಟ ಮಕ್ಕಳಲ್ಲ, ಅವರನ್ನು ನಾನು ಬೈಯ್ಯುವುದಿಲ್ಲ. ಆದರೆ ಗಂಡಸರು ಮಲಗುವ ಕೋಣೆಯ ಗೋಡೆಗೆ ಮೊಲ, ಚಿಟ್ಟೆ, ಬಲೂನು ಬರೆದರು. ನಟರಾಜು "ಲೇ, ನನಗೆ ನಲವತ್ತು ಕಣ್ರಲಾ, ಒಂದು ಹೀರೋಯಿನ್ ಫೋಟೋನಾದ್ರೂ ಬರೀರಿ" ಅಂದ. ಅವರಿಗೆ ಅರ್ಥವಾಗಲಿಲ್ಲ, ಅವನ ಕೆನ್ನೆ ತಟ್ಟಿದರು. ನಿಮ್ಮ ಅಬರ್ಡೀನಿನಲ್ಲಿ ಐಲೀನಳ ಕೆನ್ನೆ ತಟ್ಟಿದ್ದರೆ ಮೀಟಿಂಗ್ ಆಗುತ್ತಿತ್ತು. ಅದೇ ಹುಡುಗರು ರಾಮನಗರಕ್ಕೆ ಬಂದರೆ ಕೇಳುವುದನ್ನು ಮರೆಯುತ್ತಾರೆ. ಯಾಕೆ ಅಂತ ನಿನ್ನ ವರದಿಯಲ್ಲಿ ಬರೆ, ನೋಡೋಣ.

ಕೊನೆಯ ದಿನ ಫೋಟೋ. ನನ್ನ ಸೈಕಲ್ಲಿಗೆ ಟ್ರಸ್ಟಿನ ಹೆಸರಿನ ಬೋರ್ಡು ಕಟ್ಟಿ ಹೊರಗೆ ತಂದರು. ನಾನು ಕೂತಿರಬೇಕು, ಒಬ್ಬಳು ಹುಡುಗಿ ಹಿಂದಿನಿಂದ ತಳ್ಳುತ್ತಿರಬೇಕು, ಹಾಗೆ. ಕೂರಿಸಿದರು. ಫೋಟೋ ತೆಗೆದರು. ಆಮೇಲೆ ನಾನು ಇಳಿಯಲಿಲ್ಲ. ಹಿಡಿಕೆ ತಿರುಗಿಸಿಕೊಂಡು ನೇರ ಗೇಟಿಗೆ ಹೋದೆ.

"ಬಿಟ್ಟೋರು ಬರ್ಲಿ ಕಣಮ್ಮ, ನನ್ ಹೊಟ್ಟೆಪಾಡು" ಅಂದ ಗಂಗಯ್ಯ.

"ನಿನ್ ಹೊಟ್ಟೆ ಮ್ಯಾಲೆ ನಾನು ಹೊಡೆಯಾಕಿಲ್ಲ. ಗೇಟು ತೆಗೀಬ್ಯಾಡ. ನಾನು ಇಲ್ಲೇ ಕೂತಿರ್ತೀನಿ."

ಸೈಕಲ್ಲನ್ನು ಗೇಟಿಗೆ ಅಡ್ಡಲಾಗಿ ತಿರುಗಿಸಿದೆ. ಹಿಂದೆ ಬಸ್ಸು ಬಂದು ನಿಂತಿತು, ಹಾರನ್ ಹೊಡೆಯಿತು. ನಟರಾಜು ಬಂದು ನನ್ನ ಪಕ್ಕ ನೆಲದ ಮೇಲೆ ಕೂತ. ಕೋಲೂರಿಕೊಂಡು ಮರಿಯಪ್ಪಜ್ಜ ಬಂದ. ತೆವಳಿಕೊಂಡು ಬಂದವರು ಬಂದರು. ಭಾನುಪ್ರಿಯ ಓಡಿ ಬಂದು ಕಿವಿಯ ಹತ್ತಿರ ಬಗ್ಗಿ, "ರತ್ನಮ್ಮ, ಅತಿಥಿಗಳ ಮುಂದೆ ಮಾನ ಕಳೀಬೇಡ" ಅಂದಳು.

"ಹೋಗ್ತಾ ಇರೋ ಮಾನ ನಿಮ್ದು ಮೇಡಂ. ನಂದು ಸ್ಟೋರ್ ರೂಮಲ್ಲಿತ್ತು, ಈಗ್ತಾನೆ ಈಚೆಗೆ ತಂದಿದೀನಿ."

ಅಳುತ್ತಿದ್ದ ಆ ಹುಡುಗಿ ಗಡಿಯಾರ ತೋರಿಸಿ ತೋರಿಸಿ ಏನೋ ಕೂಗುತ್ತಿದ್ದಳು. ಕೊನೆಗೆ ಗೇಟು ತೆಗೆದರು. ನನಗಾಗಿ ಅಲ್ಲ, ವಿಮಾನಕ್ಕಾಗಿ. ನಾನು ಹೊರಬಿದ್ದೆ. ಎದ್ದು ಬರುತ್ತಿದ್ದ ನಟರಾಜುವನ್ನು ಜಯಕುಮಾರ್ ಅಂಗಿ ಹಿಡಿದು ಒಳಕ್ಕೆ ಎಳೆದ. ಹಿಡಿದುಕೊಳ್ಳಲು ಅವನಿಗೆ ಕೈ ಎಲ್ಲಿದೆ? ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಯಿತು, ಗೇಟು ಮತ್ತೆ ಮುಚ್ಚಿತು.

ಹೆದ್ದಾರಿಯ ಅಂಚಿನಲ್ಲಿ ಕೈಯಲ್ಲೇ ತುಳಿದುಕೊಂಡು ಚನ್ನಪಟ್ಟಣಕ್ಕೆ ಬಂದೆ. ಲಾರಿಯವರು ಬೈದರು, ಒಬ್ಬ ಎಳನೀರಿನವನು ಕರೆದು ಕುಡಿಸಿದ. ಕತ್ತಲಾಗುವ ಮುಂಚೆ ಕರೀಮುನ್ನೀಸಾಳ ಬಾಗಿಲಲ್ಲಿದ್ದೆ. ನನ್ನ ಅಂಗೈ ನೋಡಿ "ಯಾ ಅಲ್ಲಾ" ಅಂದು, ನಿನ್ನ ಹೆಸರು ಹಿಡಿದು ಬೈದಳು. ನಾನು ತಡೆಯಲಿಲ್ಲ.

ಈಗ ಮರದ ಮಣಿ ಪೋಣಿಸುವ ಕೆಲಸ. ನೆಲಕ್ಕೇ ಇರುವ ಕೋಣೆ. ಒಳಚಿಲಕ ನನ್ನ ಕೈಗೆಟುಕುವಂತೆ ಕೆಳಗೆ ಹಾಕಿಸಿದ್ದೇನೆ.

ನಟರಾಜು ಇನ್ನೂ ಅಲ್ಲೇ ಇದ್ದಾನೆ. ಅದೊಂದು ಬಾಕಿ.

ಮುನಿರತ್ನಮ್ಮ

*

ಅಬರ್ಡೀನ್
4-5-2008

ಅಕ್ಕಾ,

ಈ ಕಾಗದವನ್ನು ಬರೆದು ಬರೆದು ಹರಿದಿದ್ದೇನೆ. ಕರೀಮುನ್ನೀಸಾ ಅವರ ಕೆಲಸ ಹೋಗಿದ್ದಕ್ಕೆ ನಾನು ಕಾರಣ. ಒಪ್ಪಿಕೊಳ್ಳುತ್ತೇನೆ. ಆದರೆ ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ.

ಒಂದು ವಿಷಯ ನಿನಗೆ ಮುಂಚೆಯೇ ಹೇಳಬೇಕಿತ್ತು. ಜೂನ್ ಒಂದರಿಂದ ಆಶ್ರಮಕ್ಕೆ ನಾನೇ ಮೇಲ್ವಿಚಾರಕಿ. ನನ್ನನ್ನು ಇಲ್ಲಿಗೆ ಕಳಿಸುವಾಗಲೇ ಮೇಡಂ ಮಾತು ಕೊಟ್ಟಿದ್ದರು. ಜಯಕುಮಾರ್ ನನ್ನ ಕೈಕೆಳಗೆ ಇರುತ್ತಾರೆ. ಬೇಡ ಅನ್ನಬಹುದಿತ್ತು, ನಿಜ. ಆಗ ಇನ್ಯಾರೋ ಬರುತ್ತಿದ್ದರು. ನಾನು ಒಳಗಿದ್ದುಕೊಂಡೇ ಬದಲಾಯಿಸುತ್ತೇನೆ. ಇಲ್ಲಿ ನೋಡಿದ್ದನ್ನೆಲ್ಲ ಅಲ್ಲಿ ಮಾಡುತ್ತೇನೆ.

ಆದರೆ ಎಲ್ಲವೂ ಒಂದೇ ದಿನಕ್ಕಾಗುವುದಿಲ್ಲ. ನಟರಾಜು ಅವರ ವಿಷಯ ಮೇಡಂ ಹತ್ತಿರ ಕೇಳಿದೆ. ಬಿಟ್ಟವರು ಬಾರದೆ ಕಳಿಸಿ ನಾಳೆ ಏನಾದರೂ ಆದರೆ ಹೊಣೆ ಯಾರದು ಅಂದರು. ಅವರ ಮಾತಿನಲ್ಲೂ ಅರ್ಥವಿದೆ ಅಕ್ಕಾ. ಈಗ ಸಹಿ ಹಾಕಬೇಕಾದವಳು ನಾನಾದ್ದರಿಂದ ನನಗೂ ಅದು ಅರ್ಥವಾಗುತ್ತಿದೆ.

ನೀನು ವಾಪಸ್ ಬಾ. ಕೆಳಗಿನ ಕೋಣೆ ನಿನಗೇ ಇಡಿಸುತ್ತೇನೆ. ಸೈಕಲ್ಲು ನಿನ್ನ ಹತ್ತಿರವೇ ಇರಲಿ. ನಾನೇ ಇರುವಾಗ ನಿನಗ್ಯಾರ ಭಯ?

ರಮ್ಯಾ

*

ಚನ್ನಪಟ್ಟಣ
9-6-2008

ಇವರಿಂದ:
ಮುನಿರತ್ನಮ್ಮ, ಲೇಟ್ ಮುನಿಶಾಮಯ್ಯನವರ ಮಗಳು,
ಮಣಿ ಕೆಲಸಗಾರ್ತಿ, ಚನ್ನಪಟ್ಟಣ

ಇವರಿಗೆ:
ಮೇಲ್ವಿಚಾರಕರು, ಅಂಗವಿಕಲರ ಆಶ್ರಮ, ರಾಮನಗರ

ವಿಷಯ: ನಟರಾಜು ಎಂಬುವರನ್ನು ಹೊರಗೆ ಬಿಡುವ ಬಗ್ಗೆ.

ಮಾನ್ಯರೇ,

ನಿಮ್ಮ ಮೇ ತಿಂಗಳ ಪತ್ರ ತಲುಪಿದೆ. ಕೆಳಗಿನ ಕೋಣೆ ನನಗೆ ಬೇಡ. ಅದರಲ್ಲಿ ಮರಿಯಪ್ಪಜ್ಜನನ್ನು ಮಲಗಿಸಿ. ಅವರಿಗೆ ರಾತ್ರಿ ಎದ್ದು ಹೋಗುವುದು ಕಷ್ಟ.

ನಿಮ್ಮ ಆಶ್ರಮದಲ್ಲಿರುವ ಸೋಲೂರಿನ ನಟರಾಜು ಅವರಿಗೆ ನಲವತ್ತು ವರ್ಷ. ಅವರ ಮೇಲೆ ಯಾವ ಕೇಸೂ ಇಲ್ಲ. ಹೊರಗೆ ಹೋಗಬೇಕು ಎಂದು ಅವರೇ ಬಾಯಿಬಿಟ್ಟು ಹೇಳಿದ್ದಾರೆ, ನಾನು ಕೇಳಿಸಿಕೊಂಡಿದ್ದೇನೆ. ನಿಮ್ಮ ನಿಯಮದ ಪ್ರಕಾರ ಅವರ ಅಣ್ಣ ಸಮಾಧಿಯಿಂದ ಎದ್ದು ಬಂದು ಕರೆದೊಯ್ಯಬೇಕು. ಅವರು ಬರುವಂತೆ ಕಾಣುವುದಿಲ್ಲ. ಆದ್ದರಿಂದ ದಿನಾಂಕ 16, ಸೋಮವಾರ ಬೆಳಿಗ್ಗೆ ನಾವು ಬರುತ್ತೇವೆ. ಅಂಗವಿಕಲರ ಸಂಘದವರು ಕನಕಪುರದಿಂದ ಬರುತ್ತಾರೆ, ಮಾಗಡಿಯಿಂದ ಬರುತ್ತಾರೆ. ಪೊಲೀಸ್ ಸ್ಟೇಷನ್ನಿಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಅರ್ಜಿ ಕೊಟ್ಟಿದ್ದೇವೆ. ನಟರಾಜು ಹೊರಗೆ ಬರುವವರೆಗೂ ಗೇಟಿನ ಮುಂದಿನಿಂದ ಏಳುವುದಿಲ್ಲ.

ಒಳಗಿದ್ದುಕೊಂಡು ಬದಲಾಯಿಸುತ್ತೇನೆ ಎಂದು ಬರೆದಿದ್ದೀರಿ. ಬೀಗದಕೈ ಈಗ ನಿಮ್ಮ ಸೊಂಟದಲ್ಲಿದೆ. ಶುರು ಮಾಡಲು ಸೋಮವಾರ ಒಳ್ಳೆಯ ದಿನ.

ನಾನು ನಿಮಗೆ ಅಕ್ಕನಾಗಬೇಕು ಎಂಬ ಕಾರಣಕ್ಕೆ ಗೇಟಿನ ಮುಂದೆ ರಿಯಾಯಿತಿ ತೋರಿಸಬೇಡಿ. ನಾವೂ ತೋರಿಸುವುದಿಲ್ಲ.

ಇಂತಿ,
ಮುನಿರತ್ನಮ್ಮ

ಮರೆತಿದ್ದೆ: ಹೋದ ವಾರ ಅವ್ವ ಮೆಟ್ಟಿಲಿಳಿದು, ಬಸ್ಸು ಹತ್ತಿ, ಒಬ್ಬಳೇ ನನ್ನ ಹತ್ತಿರ ಬಂದಳು. ಸೋಮವಾರ ಅವಳೂ ಬರುತ್ತಾಳೆ. ಅವಳ ಸೊಂಟ ನೋವೆಂದು ಒಳಗಿನಿಂದ ಕುರ್ಚಿ ಕಳಿಸುವುದು ಬೇಡ. ನೆಲದ ಮೇಲೆ ನಮ್ಮ ಜೊತೆ ಕೂರುತ್ತೇನೆ ಅಂದಿದ್ದಾಳೆ.